ದೊಡ್ಡ ಸ್ವಾಮಿಯವರು ಮತ್ತು ಮಕ್ಕಳ ಪಾಲಿನ ಹೊಲ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ವೃತ್ತಾಂತವನ್ನು ಬರೆದುಕೊಡಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಸಂತರೊಬ್ಬರ ಚರಿತ್ರೆಯನ್ನೇ ಅವರು ನಿರೀಕ್ಷಿಸಿದ್ದರೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಆದರೂ ನಾವು ಆರಿಸಿಕೊಂಡದ್ದು ಧರ್ಮಸಭೆಯು ಸಂತ ಪದವಿಗೆ ಏರಿಸದ, ಮುಂದೆಯೂ ಬಹುಶಃ ಏರಿಸಲಾರದ ಒಬ್ಬ ಗುರುಗಳನ್ನು. ಅವರೇ ಮೈಸೂರು ಸೀಮೆಯ ಹಳ್ಳಿಗರು ದೊಡ್ಡ ಸ್ವಾಮಿಯವರೆಂದು ಕರೆಯುತ್ತಿದ್ದ ಅಬ್ಬೆ ದ್ಯುಬ್ವಾ. ಇವರನ್ನೇ ಏಕೆ ಆರಿಸಿಕೊಂಡೆವೆಂಬುದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇವೆ.

ಗುರುವಿನ ಕಚೇರಿಗೆ ಜನರು ಬರುವುದು ಜ್ಞಾನಸ್ನಾನಕ್ಕೆ, ಮದುವೆಗೆ, ಪೂಜೆಯ ಕಾಣಿಕೆಗೆ ಎಂದು ಭಾವಿಸುವವರುಂಟು. ನಿಜ ಸಂಗತಿಯೆಂದರೆ, ನಮ್ಮ ಸೇವೆಯ ಈ ನಾಲ್ಕು ದಶಕಗಳಲ್ಲಿ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು ಹೆಚ್ಚು ಸಲ ತೆಗೆಸಿದ್ದು ಪೌತಿ ಖಾತೆ. ತಂದೆ ತೀರಿಕೊಂಡಿರುತ್ತಾರೆ, ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇರುತ್ತದೆ, ತಾತನಿಗೆ ಮೂರು ಹೆಸರು: ಜ್ಞಾನಸ್ನಾನದ್ದೊಂದು, ಊರವರು ಕರೆದದ್ದೊಂದು, ಶ್ಯಾನುಭೋಗರು ಬರೆದುಕೊಂಡದ್ದೊಂದು. ಮೂವರೂ ಒಬ್ಬರೇ ಎಂದು ಸಾಬೀತು ಮಾಡಲು ಮಕ್ಕಳು ವಂಶವೃಕ್ಷವನ್ನು ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಗೊರಗುಂಟೆಪಾಳ್ಯದ ಸುತ್ತಮುತ್ತ ಒಂದು ಕಾಲದಲ್ಲಿ ರಾಗಿ ಹೊಲಗಳಿದ್ದವೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬಲಾರರು. ತುಮಕೂರು ರಸ್ತೆಯ ಲಾರಿಗಳು, ಪೀಣ್ಯದ ಕಾರ್ಖಾನೆಗಳು, ಮೇಲುಸೇತುವೆ, ಮೆಟ್ರೋ ಇವುಗಳ ಅಡಿಯಲ್ಲಿ ಆ ಹೊಲಗಳ ಬದುಗಳು ಅಡಗಿಹೋಗಿವೆ. ಆದರೆ ಹೊಲ ಹೋದರೂ ಹೊಲದ ಪಾಲಿನ ಜಗಳ ಹೋಗಲಿಲ್ಲ. ಸೈಟು ಆದ ಮೇಲಂತೂ ಅದು ಹತ್ತು ಪಟ್ಟು ಬೆಳೆದಿದೆ. ತಂದೆಯ ನೆಲ ಮಗನಿಗೆ ಸೇರುವುದು ಸೂರ್ಯ ಮೂಡಿದಷ್ಟೇ ಸಹಜವೆಂದು ಬಗೆದು ಜಗಳವಾಡುವ ನಮ್ಮವರನ್ನು ಕಂಡಾಗಲೆಲ್ಲ, ತಂದೆಯ ನೆಲದಿಂದ ಒಂದು ಗೇಣೂ ಸಿಗದೆ ನಿಂತಿದ್ದ ನಮ್ಮ ಪೂರ್ವಿಕರೂ, ಅವರಿಗಾಗಿ ಉಳುವ ನೆಲವನ್ನು ಹುಡುಕಿ ಹೊರಟ ಈ ಗುರುಗಳೂ ನಮಗೆ ನೆನಪಾಗುತ್ತಾರೆ.

ಅಬ್ಬೆ ಎಂದರೆ ಹಳಗನ್ನಡದಲ್ಲಿ ತಾಯಿ. ಫ್ರೆಂಚರಲ್ಲಿ ಅದೇ ಉಚ್ಚಾರಣೆಯ ಪದ ಗುರುಗಳನ್ನು ಗೌರವದಿಂದ ಸಂಬೋಧಿಸುವ ಮಾತು; ಅದರ ಮೂಲಾರ್ಥ ತಂದೆ. ಒಂದೇ ಸದ್ದು ಒಂದು ದೇಶದಲ್ಲಿ ತಂದೆಯಾಗಿ, ಇನ್ನೊಂದರಲ್ಲಿ ತಾಯಿಯಾಗಿ ಕೇಳಿಸುವುದು ಭಾಷೆಗಳ ಲೀಲೆ. ಜ್ಯಾಂ ಆಂತ್ವಾನ್ ದ್ಯುಬ್ವಾ ಅವರು ಹುಟ್ಟಿದ್ದು 1765ರಲ್ಲಿ, ದಕ್ಷಿಣ ಫ್ರಾನ್ಸಿನ ಅರ್ದೇಷ್ ಪ್ರಾಂತ್ಯದ ಸೇಂಟ್ ರೆಮೇಜ್ ಎಂಬ ಗ್ರಾಮದಲ್ಲಿ. ವಿವಿಯೇ ಧರ್ಮಪ್ರಾಂತ್ಯಕ್ಕೆ ಸೇರಿದ ಅವರು ಗುರುದೀಕ್ಷೆ ಪಡೆದದ್ದು 1792ರಲ್ಲಿ. ಆ ವರ್ಷವೆಂದರೆ ಫ್ರಾನ್ಸಿನ ಮಹಾಕ್ರಾಂತಿ ಧರ್ಮಸಭೆಯ ಮೇಲೆ ತಿರುಗಿಬಿದ್ದ ವರ್ಷ. ಧರ್ಮಸಭೆಯ ಭೂಮಿಕಾಣಿ ಆಗಲೇ ರಾಷ್ಟ್ರದ ಪಾಲಾಗಿತ್ತು. ಹೊಸ ಸರ್ಕಾರಕ್ಕೆ ಪ್ರಮಾಣ ಮಾಡದ ಗುರುಗಳು ಸೆರೆಮನೆಗೋ ದೇಶಾಂತರಕ್ಕೋ ಹೋಗಬೇಕಾಗಿತ್ತು. ಅದೇ ವರ್ಷವೇ ಅವರು ಪ್ಯಾರಿಸ್ಸಿನ ಪರದೇಶ ಮಿಷನ್ ಸಭೆಯ ಪರವಾಗಿ ಹಡಗು ಹತ್ತಿದರು. ಅವರು ಬಿಟ್ಟುಬಂದ ದೇಶದಲ್ಲಿ ಮರುವರ್ಷಗಳಲ್ಲೇ ತಂದೆಯ ಆಸ್ತಿಯನ್ನು ಎಲ್ಲ ಮಕ್ಕಳಿಗೂ, ಗಂಡಾಗಲಿ ಹೆಣ್ಣಾಗಲಿ, ಸಮನಾಗಿ ಹಂಚಬೇಕೆಂಬ ಕಾನೂನು ಬಂದಿತು. ಹಿರಿಯ ಮಗನಿಗೇ ಎಲ್ಲವೂ ಎಂಬ ಹಳೆಯ ಪದ್ಧತಿಯನ್ನು ಅದು ಮುರಿಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಬರುತ್ತದೆ.

ಪುದುಚೇರಿಗೆ ಬಂದಿಳಿದ ಈ ಯುವಕ ಗುರುಗಳು ಒಳನಾಡಿಗೆ ಹೊರಟರು. ಪರದೇಶ ಮಿಷನ್ ಸಭೆಯ ಹೆಸರು ನಮ್ಮ ಬೆಂಗಳೂರಿಗೆ ಅಪರಿಚಿತವಲ್ಲ. ಆ ಸಭೆಯವರೇ 1778ರಲ್ಲಿ ಪುದುಚೇರಿಯಲ್ಲಿ ಸ್ಥಾಪಿಸಿದ ಗುರುಮಠವು 1934ರಲ್ಲಿ ಬೆಂಗಳೂರಿಗೆ ವರ್ಗವಾಗಿ, ನಮ್ಮ ನೆರೆಯ ಮಲ್ಲೇಶ್ವರದಲ್ಲಿ ಸಂತ ಪೇತ್ರರ ಗುರುಮಠವೆಂದು ಇಂದಿಗೂ ನಡೆಯುತ್ತಿದೆ. ನಾವು ದ್ಯುಬ್ವಾ ಅವರ ಹೆಸರನ್ನು ಮೊದಲು ಕೇಳಿದ್ದು ಗುರುಮಠದ ದಿನಗಳಲ್ಲಿಯೇ. ಅವರ ದಪ್ಪ ಗ್ರಂಥವನ್ನು ಪರೀಕ್ಷೆಯ ಭಯವಿಲ್ಲದ ಒಂದು ರಜೆಯಲ್ಲಿ ಓದಿದೆವು. ಪುಸ್ತಕಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ನಿಂತದ್ದು ಅವರ ಚಿತ್ರ: ತಲೆಗೆ ಮುಂಡಾಸು, ಎದೆಯವರೆಗೆ ಇಳಿದ ಗಡ್ಡ, ಈ ನಾಡಿನ ನಿಲುವಂಗಿ, ಕೈಯಲ್ಲೊಂದು ಕೋಲು. ಐರೋಪ್ಯರ ಸಹವಾಸವನ್ನು ಬಿಟ್ಟು, ಹಳ್ಳಿಯವರ ಉಡುಗೆಯನ್ನುಟ್ಟು, ಹಳ್ಳಿಯವರ ಊಟವನ್ನುಂಡು, ಅವರು ಮೂವತ್ತು ವರ್ಷಗಳನ್ನು ಈ ದೇಶದಲ್ಲಿ ಕಳೆದರು. ಹೀಗೆ ಬಾಳುವ ಪದ್ಧತಿ ಅವರೊಬ್ಬರದೇ ಅಲ್ಲ. 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ತಳಹದಿ ಹಾಕಿದ ಯೇಸುಸಭೆಯ ಲಿಯೋನಾರ್ದೋ ಚಿನ್ನಾಮಿ ಸ್ವಾಮಿಗಳ ಕಾಲದಿಂದಲೂ ಅದು ನಡೆದುಬಂದಿತ್ತು. 1773ರಲ್ಲಿ ಯೇಸುಸಭೆಯನ್ನು ವಿಸರ್ಜಿಸಿದ ಬಳಿಕ ಆ ಹೊಲದ ನೇಗಿಲು ಫ್ರೆಂಚ್ ಗುರುಗಳ ಕೈಗೆ ಬಂದಿತ್ತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಸುಲ್ತಾನರು ಮಡಿದರು. ಮೈಸೂರು ಸೀಮೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ, ಕನ್ನಡ ಜಿಲ್ಲೆಯ ಕರಾವಳಿ ಇಂಗ್ಲಿಷ್ ಕಂಪನಿಗೂ ಸೇರಿತು. ಕರಾವಳಿಯ ಕಥೋಲಿಕರನ್ನು 1784ರಲ್ಲಿ ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತಂದದ್ದು, ದಾರಿಯಲ್ಲಿ ಅನೇಕರು ಸತ್ತದ್ದು, ಉಳಿದವರಲ್ಲಿ ಬಹುಮಂದಿ ಬಲವಂತಕ್ಕೆ ಮತಾಂತರಗೊಂಡದ್ದು ಇವೆಲ್ಲ ಮಂಗಳೂರಿನ ಮೂಲದ ನಮ್ಮ ಸಭಿಕರ ಮನೆಗಳಲ್ಲಿ ಇಂದಿಗೂ ಹೇಳುವ ಕಥೆ. ಬದುಕುಳಿದವರನ್ನು ಮತ್ತೆ ಧರ್ಮಸಭೆಗೆ ಸೇರಿಸಿಕೊಳ್ಳುವ ಕೆಲಸಕ್ಕೆ ದ್ಯುಬ್ವಾ ಅವರು ಶ್ರೀರಂಗಪಟ್ಟಣಕ್ಕೆ ಬಂದರು. ಗಂಜಾಂನಲ್ಲಿ ಅವರ ಹೆಸರಿನಿಂದಲೇ ಕರೆಯುವ ದೇವಾಲಯವಿದೆ. ಬಲವಂತಕ್ಕೆ ಸೋತವರನ್ನು ಅವರು ಕಠಿಣವಾಗಿ ದಂಡಿಸದೆ ಬರಮಾಡಿಕೊಂಡರು. ಆದರೆ ಆತ್ಮದ ಲೆಕ್ಕ ತೀರಿದರೆ ಸಾಲದಲ್ಲ, ಹೊಟ್ಟೆಯ ಲೆಕ್ಕವೂ ತೀರಬೇಕು.

ಕರಾವಳಿಗೆ ಮರಳಿದವರಿಗೆ ಒಂದು ಆಧಾರವಿತ್ತು. ಅಲ್ಲಿ ಭೂಮಿ ಮೊದಲಿನಿಂದಲೂ ಖಾಸಗಿ ಆಸ್ತಿ. ಕಂಪನಿಯ ಪರವಾಗಿ ಅಲ್ಲಿಗೆ ಕಲೆಕ್ಟರರಾಗಿ ಬಂದ ಥಾಮಸ್ ಮನ್ರೋ ಅವರು, ಆ ಜಿಲ್ಲೆಯ ನೆಲವನ್ನು ಜನರು ಬಹುಕಾಲದಿಂದ ಮಾರುತ್ತ, ಅಡವಿಡುತ್ತ, ಮಕ್ಕಳಿಗೆ ಬಿಟ್ಟುಹೋಗುತ್ತ ಬಂದಿದ್ದಾರೆಂಬುದನ್ನು ಕಂಡುಕೊಂಡು ಮೇಲಿನವರಿಗೆ ಬರೆದರು. ಬಂಟರಲ್ಲಿ ಭೂಮಿ ಮಾವನಿಂದ ಸೋದರಳಿಯನಿಗೆ ಇಳಿಯುವ ಅಳಿಯಸಂತಾನ. ಕಥೋಲಿಕರಲ್ಲಿ ತಂದೆಯಿಂದ ಮಗನಿಗೆ. ಮೂಲದ ಹಕ್ಕಿನ ನೆನಪಿದ್ದವರು ತಮ್ಮ ಬಾಳು, ತೋಟ, ಗದ್ದೆಗಳನ್ನು ಕೇಳಿ ಪಡೆಯುವ ದಾರಿ ಅಲ್ಲಿ ತೆರೆದಿತ್ತು. ಘಟ್ಟದ ಮೇಲೆ, ಮೈಸೂರು ಸೀಮೆಯಲ್ಲೇ ಉಳಿದವರಿಗೂ, ಇಲ್ಲಿಯೇ ಕ್ರೈಸ್ತರಾದ ಒಕ್ಕಲು ಮಕ್ಕಳಿಗೂ ಅಂತಹ ದಾರಿ ಇರಲಿಲ್ಲ.

ಏಕೆ ಇರಲಿಲ್ಲವೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ನಮ್ಮ ಕರ್ನಾಟಕದ ಕಲ್ಯಾಣದಲ್ಲೇ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗದ ಆಸ್ತಿಯ ನ್ಯಾಯಕ್ಕೆ ಆಧಾರವಾಯಿತು. ಅದರ ಪ್ರಕಾರ ಗಂಡುಮಗು ಹುಟ್ಟಿದ ಗಳಿಗೆಯಿಂದಲೇ ಪಿತ್ರಾರ್ಜಿತ ಹೊಲಕ್ಕೆ ಹಕ್ಕುದಾರ. ತಂದೆ ಸಾಯುವವರೆಗೂ ಕಾಯಬೇಕಾಗಿಲ್ಲ. ತಂದೆ ತನ್ನಿಷ್ಟದಂತೆ ಆ ನೆಲವನ್ನು ಹಾಳುಮಾಡುವಂತೆಯೂ ಇಲ್ಲ. ಅಣ್ಣತಮ್ಮಂದಿರು ಒಟ್ಟಾಗಿ ಉಳುತ್ತಾರೆ, ಹಿರಿಯ ಯಜಮಾನಿಕೆ ಮಾಡುತ್ತಾನೆ, ಬೇರೆಯಾದಾಗ ಸಮಪಾಲು. ಮಗಳಿಗೆ ಮದುವೆಯ ಖರ್ಚು, ವಿಧವೆಗೆ ಅನ್ನ ಬಟ್ಟೆ. ಮಗನಿಲ್ಲದವರು ದತ್ತು ತೆಗೆದುಕೊಳ್ಳುತ್ತಾರೆ. ರೈತನ ನೆಲವು ಹೊರಗಿನವರ ಕೈಸೇರದಂತೆ ಕಾದ ವ್ಯವಸ್ಥೆಯೆಂದು ಇದನ್ನು ಮೆಚ್ಚಬಹುದು, ಹೆಣ್ಣುಮಕ್ಕಳ ಮಟ್ಟಿಗೆ ಮಾತ್ರ ಮೆಚ್ಚಲಾಗದು. ಆದರೆ ಈ ಗೋಡೆಗೆ ಒಂದು ಬಾಗಿಲಿತ್ತು. ಅದು ಹೊರಕ್ಕೆ ಮಾತ್ರ ತೆರೆಯುತ್ತಿತ್ತು. ಜಾತಿಯಿಂದ ಹೊರಬಿದ್ದವನು ಪತಿತ, ಪತಿತನಿಗೆ ಪಾಲಿಲ್ಲ. ತಂದೆಯ ಉತ್ತರಕ್ರಿಯೆ ಮಾಡಲಾರದವನು ತಂದೆಯ ನೆಲವನ್ನು ಹೇಗೆ ಪಡೆಯಬಲ್ಲನೆಂಬುದು ಅಂದಿನ ನ್ಯಾಯ. ಜ್ಞಾನಸ್ನಾನದ ನೀರು ತಲೆಗೆ ಬಿದ್ದ ಮಗನಿಗೆ ಹೊಲವೂ, ಊರ ಬಾವಿಯೂ, ಕೊಡುಕೊಳ್ಳುವ ಸಂಬಂಧವೂ ಒಂದೇ ದಿನ ತಪ್ಪಿಹೋಗುತ್ತಿದ್ದವು.

ಇದನ್ನು ದ್ಯುಬ್ವಾ ಅವರಷ್ಟು ಹತ್ತಿರದಿಂದ ಕಂಡವರು ವಿರಳ. ಅವರ ಗ್ರಂಥದಲ್ಲಿ ದತ್ತು ಸ್ವೀಕಾರ ಮತ್ತು ಆಸ್ತಿಯ ಪಾಲುಪಟ್ಟಿಗೆ ಮೀಸಲಾದ ಒಂದು ಅಧ್ಯಾಯವೇ ಇದೆ. ಗುರುವಾದವನಿಗೆ ಈ ಗೊಡವೆ ಏಕೆಂದು ಗುರುಮಠದಲ್ಲಿ ಓದುವಾಗ ನಮಗೆ ಅನಿಸಿತ್ತು. ಧರ್ಮಕೇಂದ್ರದ ಹೊಣೆ ಹೊತ್ತ ಮೇಲೆ ಅನಿಸಲಿಲ್ಲ.

ಅವರು ಕಂಡುಕೊಂಡ ಉಪಾಯ ಸರಳವಾದುದು. ತಂದೆಯ ನೆಲ ಸಿಗದವರಿಗೆ ಹೊಸ ನೆಲ ಸಿಗಬೇಕು. ಆ ನೆಲವನ್ನು ಅವರು ತಮ್ಮ ಮಕ್ಕಳಿಗೆ ಬಿಟ್ಟುಹೋಗುವಂತಿರಬೇಕು. ಭಿಕ್ಷೆ ಕೊಟ್ಟರೆ ಒಂದು ತಲೆಮಾರು ಉಳಿದೀತು, ಹೊಲ ಕೊಟ್ಟರೆ ಮೊಮ್ಮಕ್ಕಳು ಉಳಿಯುತ್ತಾರೆ. ಹೀಗೆ ಕ್ರೈಸ್ತ ರೈತರ ಬೇಸಾಯದ ನೆಲೆಗಳನ್ನು ಅವರು ಮೈಸೂರು ಸೀಮೆಯಲ್ಲಿ ಸ್ಥಾಪಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಹಾಸನದ ಬಳಿಯ ಸಾತಹಳ್ಳಿ. ಕಾಲವೂ ಅದಕ್ಕೆ ಅನುಕೂಲವಾಗಿತ್ತು. ಯುದ್ಧಗಳಿಂದ ಊರುಗಳು ಬರಿದಾಗಿದ್ದವು, ಹೊಲಗಳಲ್ಲಿ ಲಂಟಾನದ ಬದಲು ಅಂದಿನ ಕಾಲದ ಕಳ್ಳಿ ಜಾಲಿಗಳು ಬೆಳೆದಿದ್ದವು. 1799ರಿಂದ ದಿವಾನಗಿರಿ ನಡೆಸಿದ ಪೂರ್ಣಯ್ಯನವರ ಸರ್ಕಾರಕ್ಕೆ ಬೇಕಾಗಿದ್ದುದು ಉಳುವ ಕೈಗಳು. ಉಳುವವನು ಯಾವ ದೇವರಿಗೆ ಕೈಮುಗಿಯುತ್ತಾನೆಂಬುದು ಕಂದಾಯದ ಕಡತಕ್ಕೆ ಸಂಬಂಧಿಸಿದ್ದಲ್ಲ.

ಆ ಕಾಲದ ಮೈಸೂರಿನಲ್ಲಿ ಬೀಳುಬಿದ್ದ ನೆಲವನ್ನು ಹಿಡಿಯುವುದಕ್ಕೆ ಶ್ರಾಯವೆಂಬ ಪದ್ಧತಿಯಿತ್ತು. ಮೊದಲ ವರ್ಷ ಹೆಸರಿಗಷ್ಟೇ ಕಂದಾಯ; ಕಾಡು ಕಡಿದು, ಬೇರು ಕಿತ್ತು, ನೆಲ ಹದವಾದಂತೆಲ್ಲ ವರ್ಷದಿಂದ ವರ್ಷಕ್ಕೆ ಅದು ಏರುತ್ತ ಕೆಲವು ವರ್ಷಗಳಲ್ಲಿ ಪೂರ್ತಿಗೆ ಬರುತ್ತಿತ್ತು. ಕಂದಾಯದ ನೆಲವನ್ನು ರೈತನು ಹಣ ಕಟ್ಟುತ್ತಿರುವವರೆಗೆ ಯಾರೂ ಬಿಡಿಸುವಂತಿರಲಿಲ್ಲ. ಅವನ ಬಳಿಕ ಅವನ ಮಕ್ಕಳು ಉಳುತ್ತಿದ್ದರು. ಇನ್ನು ಕೆಲವು ಕಡೆ, ಹೆಚ್ಚಾಗಿ ನೀರಾವರಿಯ ಗದ್ದೆಗಳಲ್ಲಿ, ಬಟಾಯಿ. ಕಣದಲ್ಲೇ ಬೆಳೆಯನ್ನು ಸರ್ಕಾರಕ್ಕೂ ರೈತನಿಗೂ ಪಾಲು ಮಾಡುವುದು. ಇಂದಿನಂತೆ ನೋಂದಣಿ ಕಚೇರಿ ಎಲ್ಲಿಯದು? ಪಟೇಲನ ಮಾತು, ಶ್ಯಾನುಭೋಗರ ಕಡತ. ಬಟ್ಟೆಗೆ ಇದ್ದಿಲು ಸರಿ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು, ಮಡಚಿ ಇಡುತ್ತಿದ್ದ ಆ ಕಡತದಲ್ಲಿ ತಂದೆಯ ಹೆಸರನ್ನು ಅಳಿಸಿ ಮಗನ ಹೆಸರನ್ನು ಬರೆದರೆ ಹೊಲ ಮಗನದಾಯಿತು. ಒದ್ದೆ ಬೆರಳಿನಿಂದ ಒರೆಸಿದರೆ ಹೋಗುವ ಅಕ್ಷರವಾದರೂ ಅದಕ್ಕೆ ಬೆಲೆಯಿತ್ತು. ಊರಿನಿಂದ ಹೊರಹಾಕಲ್ಪಟ್ಟ ಕ್ರೈಸ್ತನ ಹೆಸರನ್ನು ಆ ಕಡತಕ್ಕೆ ಸೇರಿಸುವವರಾರು? ಕ್ರೈಸ್ತರದೇ ಒಂದು ಊರಿದ್ದರೆ ಆ ಪ್ರಶ್ನೆ ಏಳುವುದಿಲ್ಲ. ಸಾತಹಳ್ಳಿಯ ಮಹತ್ವವನ್ನು ನಾವು ತಿಳಿದಿರುವುದು ಹೀಗೆ. ಅಲ್ಲಿನ ಕ್ರೈಸ್ತರು ಉಡುಗೆ ತೊಡುಗೆಯಲ್ಲಿ, ಮನೆ ಕಟ್ಟುವ ರೀತಿಯಲ್ಲಿ, ಬೇಸಾಯದಲ್ಲಿ ನೆರೆಯ ಒಕ್ಕಲಿಗರಂತೆಯೇ ಇದ್ದರು. ದೊಡ್ಡ ಸ್ವಾಮಿಯವರಿಗೆ ಬೇಕಾಗಿದ್ದುದೂ ಅದೇ.

ಅವರ ಇತರ ಕಾರ್ಯಗಳನ್ನು ಚುಟುಕಾಗಿ ಹೇಳಿ ಮುಂದುವರಿಯುತ್ತೇವೆ. ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆ 1802ರಲ್ಲಿ ಭಾರತಕ್ಕೆ ಬಂದಿತು. ಹಳ್ಳಿಗಳಲ್ಲಿ ದೇವಿ ಹಾಕಿಸಿಕೊಳ್ಳಲು ಜನರು ಹೆದರಿ ಓಡುತ್ತಿದ್ದಾಗ, ತಮ್ಮ ಮೇಲೆ ಜನರಿಗಿದ್ದ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ದ್ಯುಬ್ವಾ ಅವರು 1803–04ರ ಅವಧಿಯಲ್ಲಿ 25 ಸಾವಿರಕ್ಕೂ ಮಿಕ್ಕ ಜನರಿಗೆ ಅದನ್ನು ಹಾಕಿಸಿ, ಅವರ ಹೆಸರುಗಳನ್ನು ದಾಖಲು ಮಾಡಿಸಿದರು. ಬೆಂಗಳೂರಿನ ಬ್ಲಾಕ್‌ಪಳ್ಳಿಯಲ್ಲಿ, ಎಂದರೆ ಇಂದಿನ ಶಿವಾಜಿನಗರದಲ್ಲಿ, ಹುಲ್ಲು ಹೊದಿಸಿದ ಒಂದು ಪುಟ್ಟ ಪ್ರಾರ್ಥನಾಲಯಕ್ಕೂ ಅವರ ಹೆಸರು ಅಂಟಿಕೊಂಡಿದೆ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ನೀವೆಲ್ಲ ಕಾವಿ ಉಟ್ಟು ನಡೆದುಹೋಗುವ ಸಂತ ಮರಿಯಮ್ಮನವರ ಮಹಾದೇವಾಲಯ ಅದರ ಮುಂದುವರಿಕೆ; ಈಗಿನ ಎತ್ತರದ ಗೋಪುರದ ಕಟ್ಟಡ 1882ರದು.

ಅವರ ಗ್ರಂಥದ ವಿಷಯದಲ್ಲಿ ಮುಚ್ಚುಮರೆ ಸಲ್ಲದು. ಹಿಂದೂ ಜನರ ಆಚಾರ ವಿಚಾರಗಳನ್ನು ಕುರಿತು ಫ್ರೆಂಚಿನಲ್ಲಿ ಬರೆದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳುಹಿಸಿದರು. ಕಂಪನಿಯವರು ಅದಕ್ಕೆ 2,000 ಸ್ಟಾರ್ ಪಗೋಡ ಕೊಟ್ಟು ಕೊಂಡರು. 1816ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಯಿತು. 1897ರಲ್ಲಿ ಬೋಷಾಂಪ್ ಅವರು ಲೇಖಕರೇ ತಿದ್ದಿದ ಪ್ರತಿಯಿಂದ ಹೊಸ ಅನುವಾದ ತಂದರು. ಲೋಕಪ್ರಸಿದ್ಧವಾದ ಪುಸ್ತಕ. ಆದರೆ 1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ, ಆ ಗ್ರಂಥದ ಬಹುಭಾಗವು ದ್ಯುಬ್ವಾ ಅವರಿಗಿಂತ ಮುಂಚೆ ಇಲ್ಲಿ ದುಡಿದ ಯೇಸುಸಭೆಯ ಕೋರ್ದೂ ಸ್ವಾಮಿಗಳ ಬರಹದಿಂದ ಬಂದದ್ದೆಂದು ತೋರಿಸಿಕೊಟ್ಟರು. ಇನ್ನೊಬ್ಬರ ಹೊಲದ ಪೈರನ್ನು ಹೆಸರು ಹೇಳದೆ ತಮ್ಮ ಕಣಕ್ಕೆ ತಂದಂತಾಯಿತು. ಅಲ್ಲದೆ ನೆರೆಹೊರೆಯ ಧರ್ಮದ ಬಗ್ಗೆ, ವಿಶೇಷವಾಗಿ ಬ್ರಾಹ್ಮಣರ ಬಗ್ಗೆ, ಅದರಲ್ಲಿರುವ ಬಿರುಸು ಮಾತುಗಳನ್ನು ಇಂದು ನಾವು ಸಮರ್ಥಿಸಲಾರೆವು. ದೊಡ್ಡ ಸ್ವಾಮಿಯವರ ದೊಡ್ಡತನ ಆ ಪುಸ್ತಕದಲ್ಲಿಲ್ಲ, ಸಾತಹಳ್ಳಿಯ ಹೊಲದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಅವರಿಗೇ ಹಾಗೆ ತೋರಲಿಲ್ಲವೆಂಬುದು ಈ ಚರಿತ್ರೆಯ ದುಃಖದ ಭಾಗ. ವಯಸ್ಸಾದಂತೆ ಅವರನ್ನು ನಿರಾಶೆ ಆವರಿಸಿತು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತು ಅವರು ಬರೆದು 1823ರಲ್ಲಿ ಪ್ರಕಟವಾದ ಪತ್ರಗಳನ್ನು ಓದುವುದು ಯಾವ ಗುರುವಿಗೂ ಸುಲಭವಲ್ಲ. ಅಷ್ಟು ವರ್ಷ ದುಡಿದರೂ ತಮ್ಮ ಕೈಯಿಂದ ಕ್ರೈಸ್ತರಾದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ. ಅವರಲ್ಲೂ ಹೆಚ್ಚಿನವರು ಕಡುಬಡವರು, ಕುಲದಿಂದ ಹೊರಬಿದ್ದು ಹೊಸ ಸಂಬಂಧ ಹುಡುಕಿಕೊಂಡು ಬಂದವರು, ಎಂದು ಅವರು ಲೆಕ್ಕ ಹಾಕಿದರು. ಈ ದೇಶ ಕ್ರಿಸ್ತನನ್ನು ಸ್ವೀಕರಿಸುವ ಕಾಲ ಮುಗಿಯಿತೆಂದು ತೀರ್ಮಾನಿಸಿಬಿಟ್ಟರು. ಆ ಪತ್ರಗಳಿಗೆ ಪ್ರೊಟೆಸ್ಟೆಂಟ್ ಬೋಧಕರು ಸಿಟ್ಟಿನಿಂದ ಉತ್ತರಗಳನ್ನು ಬರೆದರು. ನಮಗನಿಸುವುದು ಬೇರೆ. ಕುಲದಿಂದ ಹೊರಬಿದ್ದವರೇ ಬಂದರೆಂದು ಅವರು ನೊಂದುಕೊಂಡರು. ಆದರೆ ಬಂದವರೆಲ್ಲ ಬರುತ್ತಲೇ ಹೊರಬೀಳುತ್ತಿದ್ದ ಕಾಲವದು. ನೆಲವುಳ್ಳವನು ನೆಲ ಬಿಟ್ಟು ಬರಬೇಕಾಗಿದ್ದ ಕಾರಣ ನೆಲವಿಲ್ಲದವರೇ ಮೊದಲು ಬಂದರು. ತಾವೇ ಕಂಡು, ಪರಿಹಾರವನ್ನೂ ಹುಡುಕಿದ್ದ ಈ ಕಾರಣವನ್ನು ಲೆಕ್ಕದ ಹೊತ್ತಿಗೆ ಅವರು ಮರೆತಂತಿದೆ.

1823ರ ಜನವರಿಯಲ್ಲಿ ಅವರು ಕಂಪನಿಯ ನಿವೃತ್ತಿ ವೇತನವನ್ನು ಪಡೆದು ಹಡಗು ಹತ್ತಿದರು, ಮತ್ತೆ ಬರಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಭೆಯ ಗುರುಮಠದಲ್ಲಿ ನಿರ್ದೇಶಕರಾಗಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿ ದುಡಿದರು. ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದರು. ಕರಟಕ ದಮನಕರು ಆ ಚಳಿಯ ನಾಡಿನಲ್ಲಿ ಅವರಿಗೆ ಮೈಸೂರನ್ನು ನೆನಪಿಸುತ್ತಿದ್ದಿರಬೇಕು. 1848ರ ಫೆಬ್ರವರಿ 17ರಂದು ಅವರು ತೀರಿಕೊಂಡರು. ಐದು ದಿನಗಳಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಮತ್ತೊಂದು ಕ್ರಾಂತಿ ಎದ್ದಿತು. ಒಂದು ಕ್ರಾಂತಿಯಲ್ಲಿ ಹೊರಟವರು ಇನ್ನೊಂದರ ಹೊಸ್ತಿಲಲ್ಲಿ ಕಣ್ಣುಮುಚ್ಚಿದರು.

ಅವರು ಕಣ್ಣುಮುಚ್ಚಿದ ಎರಡೇ ವರ್ಷಗಳಲ್ಲಿ, 1850ರಲ್ಲಿ, ಧರ್ಮ ಬದಲಿಸಿದವನೆಂಬ ಅಥವಾ ಜಾತಿ ಕಳೆದುಕೊಂಡವನೆಂಬ ಕಾರಣಕ್ಕೆ ಯಾರ ಪಿತ್ರಾರ್ಜಿತ ಹಕ್ಕೂ ತಪ್ಪತಕ್ಕದ್ದಲ್ಲವೆಂಬ ಕಾನೂನು ಕಂಪನಿಯ ಪ್ರಾಂತ್ಯಗಳಲ್ಲಿ ಜಾರಿಗೆ ಬಂದಿತು. ಮೈಸೂರು ಸೀಮೆ ಆ ಪ್ರಾಂತ್ಯಗಳಲ್ಲಿ ಒಂದಾಗಿರಲಿಲ್ಲ. ಮದರಾಸಿಗೆ ಸೇರಿದ್ದ ಮಂಗಳೂರು, ಬಳ್ಳಾರಿಗಳು ಆಗಿದ್ದವು. ಬಳ್ಳಾರಿಯಿಂದಲೇ ಮುಂದಿನ ದೊಡ್ಡ ಪ್ರಶ್ನೆಯೂ ಎದ್ದಿತು. ಅಲ್ಲಿ ವ್ಯಾಪಾರ ಮಾಡಿ ಸಿರಿವಂತರಾಗಿದ್ದ ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತರು 1842ರಲ್ಲಿ ಮರಣಶಾಸನ ಬರೆಯದೆ ತೀರಿಕೊಂಡರು. ಅವರ ತಮ್ಮ, ನಾವು ಅವಿಭಕ್ತ ಕುಟುಂಬ, ಹಿಂದೂ ನ್ಯಾಯದಂತೆ ನನಗೂ ಪಾಲಿದೆಯೆಂದರು, ವಿಧವೆ ಇಲ್ಲವೆಂದರು. ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನವರೆಗೆ ಹೋಗಿ 1863ರಲ್ಲಿ ತೀರ್ಪಾಯಿತು. ಕ್ರೈಸ್ತನಾದವನನ್ನು ಹಿಂದೂ ನ್ಯಾಯ ಕಟ್ಟಿಹಾಕದು, ಆದರೆ ಆಸ್ತಿಯ ವಿಷಯದಲ್ಲಿ ಹಳೆಯ ಪದ್ಧತಿಯನ್ನೇ ಇಟ್ಟುಕೊಳ್ಳಲು ಅವನು ಸ್ವತಂತ್ರ, ಅವನು ಬಾಳಿದ ರೀತಿಯನ್ನು ನೋಡಿ ನಿರ್ಧರಿಸಬೇಕು ಎಂಬುದು ಅದರ ಸಾರ. ಎರಡು ವರ್ಷಗಳ ಬಳಿಕ, 1865ರಲ್ಲಿ, ಬ್ರಿಟಿಷ್ ಇಂಡಿಯದ ಕ್ರೈಸ್ತರಿಗೆ ಅನ್ವಯಿಸುವ ಉತ್ತರಾಧಿಕಾರದ ಕಾನೂನು ಬಂದು ಆ ಸ್ವಾತಂತ್ರ್ಯವನ್ನು ಕೊನೆಗಾಣಿಸಿತು. ಅದರಲ್ಲಿ ಮಗನೂ ಮಗಳೂ ಸಮಾನ. ದ್ಯುಬ್ವಾ ಅವರು ಹೊರಟುಬಂದ ಮೇಲೆ ಫ್ರಾನ್ಸಿನಲ್ಲಿ ಆದದ್ದು ಎಪ್ಪತ್ತು ವರ್ಷ ತಡವಾಗಿ ಇಲ್ಲಿಗೂ ಬಂದಿತು ಎನ್ನಬೇಕು. ಎಲ್ಲೆಡೆಗೂ ಅಲ್ಲ, ಕೊಡಗಿನ ದೇಶೀಯ ಕ್ರೈಸ್ತರನ್ನು 1868ರ ಒಂದು ಪ್ರಕಟಣೆ ಈ ಕಾನೂನಿನಿಂದ ಹೊರಗಿಟ್ಟಿತು. ಮೈಸೂರಿನಲ್ಲಿ 1863ರಿಂದ ಬೌರಿಂಗ್ ಅವರ ಆಡಳಿತದಲ್ಲಿ ಭೂಮಾಪನ ಆರಂಭವಾಗಿ, ಹೊಲಗಳಿಗೆ ಸರ್ವೆ ನಂಬರುಗಳೂ ಎಲ್ಲೆಕಲ್ಲುಗಳೂ ಬಂದವು. ಒದ್ದೆ ಬೆರಳಿಗೆ ಅಳಿಯದ ದಾಖಲೆ ಅದು.

ಇಂದು ನಮಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಇದರ ಬಗ್ಗೆ ನಮ್ಮವರಲ್ಲಿ ಎಷ್ಟು ತಪ್ಪು ತಿಳಿವಳಿಕೆಯಿದೆಯೆಂದರೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆವು. ಕ್ರೈಸ್ತನಾದ ತಂದೆ ಮರಣಶಾಸನವಿಲ್ಲದೆ ಸತ್ತರೆ, ಪತ್ನಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಸಮನಾಗಿ. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಮಿತಾಕ್ಷರಾದ ನಿಯಮ ನಮಗಿಲ್ಲ. ತಂದೆ ಬದುಕಿರುವಾಗಲೇ ತಾತನ ಹೊಲದಲ್ಲಿ ಪಾಲು ಕೊಡೆಂದು ಅಂಗಿ ಹಿಡಿಯುವ ಮಗನಿಗೆ ಕಾನೂನಿನ ಆಧಾರವಿಲ್ಲ. ಆದರೆ ಧರ್ಮ ಬದಲಾಗಿ ತಲೆಮಾರುಗಳು ಕಳೆದರೂ ನಮ್ಮ ಮನೆಗಳಲ್ಲಿ ಹಳೆಯ ನ್ಯಾಯವೇ ನಡೆಯುತ್ತಿದೆ, ಅದೂ ಅನುಕೂಲಕ್ಕೆ ತಕ್ಕಂತೆ. ತಂಗಿಯನ್ನು ಹಬ್ಬಕ್ಕೆಂದು ಕರೆಸಿ, ಊಟದ ಬಳಿಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಅಣ್ಣಂದಿರನ್ನು ನಾವು ಬಲ್ಲೆವು. ಸಹಿ ಹಾಕದ ತಂಗಿಯ ಮಗುವಿನ ಜ್ಞಾನಸ್ನಾನಕ್ಕೆ ಸೋದರಮಾವಂದಿರಲ್ಲಿ ಒಬ್ಬರೂ ಬಾರದೆ, ಆ ತಾಯಿ ದೇವಾಲಯದ ಬಾಗಿಲನ್ನೇ ನೋಡುತ್ತ ನಿಂತದ್ದನ್ನೂ ಕಂಡಿದ್ದೇವೆ. ಅಂದು ಪತಿತನೆಂದು ಅಣ್ಣತಮ್ಮಂದಿರು ಹೊರಗಿಟ್ಟವರ ಮೊಮ್ಮಕ್ಕಳು ನಾವು. ಹೊರಗಿಡುವುದನ್ನು ಯಾರಿಂದ ಕಲಿತೆವು?

ಎರಡು ವರ್ಷಗಳ ಹಿಂದೆ ಬೇಸಿಗೆಯಲ್ಲಿ ನಾವು ಹಾಸನದ ಕಡೆಗೆ ಹೋಗಿದ್ದೆವು. ಸಾತಹಳ್ಳಿಯಲ್ಲಿ ಪೂಜೆ ಅರ್ಪಿಸಿದೆವು. ದೊಡ್ಡ ಸ್ವಾಮಿಯವರು ವಿಫಲವೆಂದು ಬಗೆದು ಬಿಟ್ಟುಹೋದ ಮಿಷನ್ನಿನ ಆ ಊರಿನಲ್ಲಿ ಎರಡು ಶತಮಾನಗಳ ಬಳಿಕವೂ ದೇವಾಲಯದ ಗಂಟೆ ಬಾರಿಸುತ್ತಿದೆ, ಹೊಲಗಳಲ್ಲಿ ಕ್ರೈಸ್ತರು ಉಳುತ್ತಿದ್ದಾರೆ. ಅಲ್ಲಿಂದ ಶೆಟ್ಟಿಹಳ್ಳಿಗೆ ಹೋದೆವು. ಅದೇ ಜಿಲ್ಲೆಯಲ್ಲಿ, ಹೇಮಾವತಿಯ ದಂಡೆಯಲ್ಲಿ, ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅಲ್ಲಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಊರನ್ನು ನುಂಗಿತು. ಕಾಮಗಾರಿ ಮುಗಿದದ್ದು 1979ರಲ್ಲಿ. ಜನರು ಬೇರೆ ಕಡೆಗಳಲ್ಲಿ ನೆಲೆಸಿದರು. ಮಳೆಗಾಲದಲ್ಲಿ ದೇವಾಲಯ ಅರ್ಧ ಮುಳುಗಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನೀರು ಹಿಂದೆ ಸರಿದು ಛಾವಣಿಯಿಲ್ಲದ ಗೋಡೆಗಳು ಕಾಣಿಸುತ್ತವೆ. ಫೋಟೋ ತೆಗೆಯಲು ಬಂದ ಯುವಕರು ಕಮಾನುಗಳ ನಡುವೆ ಓಡಾಡುತ್ತಿದ್ದರು.

ನಮ್ಮೊಡನೆ ಆ ಕಡೆಯ ಹಿರಿಯರೊಬ್ಬರು ಬಂದಿದ್ದರು. ಅವರು ಕಮಾನುಗಳನ್ನು ನೋಡಲಿಲ್ಲ. ಪೀಠವಿದ್ದ ಗೋಡೆಗೆ ಬೆನ್ನು ಕೊಟ್ಟು ನಿಂತು, ಬಿರುಕುಬಿಟ್ಟ ಒಣ ಕೆಸರಿನ ಮೇಲೆ ಹೆಜ್ಜೆಗಳನ್ನು ಎಣಿಸುತ್ತ ನದಿಯ ಕಡೆಗೆ ನಡೆದರು. ಒಂದು ಕಡೆ ನಿಂತು ಕಾಲಿನಿಂದ ಕೆರೆದು ನೋಡಿದರು. ಅಲ್ಲೊಂದು ಎಲ್ಲೆಕಲ್ಲಿನ ತಲೆಯಿತ್ತು. ಅದರ ಆಚೆಗೆ ನೀರಿನವರೆಗೆ ತಮ್ಮ ತಂದೆಯವರ ಹೊಲವೆಂದೂ, ಸರ್ವೆ ನಂಬರನ್ನೂ ಹೇಳಿದರು.